ನಾಯಿಯ ಅಂಡಾಶಯದ ಗಡ್ಡೆ: ಹೆಸರಿಡುವ ಮುನ್ನ

ಶಾಸ್ತ್ರವಿಷಯವನ್ನು ಕನ್ನಡದಲ್ಲಿ ನಿರೂಪಿಸುವ ಅಭ್ಯಾಸಕ್ಕಾಗಿ ಈ ಸಲ ಪಶುವೈದ್ಯಕೀಯದ ಒಂದು ಪ್ರಸಂಗವನ್ನು ಆರಿಸಿಕೊಂಡಿದ್ದೇನೆ. ಹೆಣ್ಣುನಾಯಿಯ ಅಂಡಾಶಯದಲ್ಲಿ ಗಡ್ಡೆ ಬೆಳೆಯುವುದು ವಿರಳ. ನಾಯಿಗಳಲ್ಲಿ ಕಾಣುವ ಒಟ್ಟು ಗಡ್ಡೆಗಳಲ್ಲಿ ಅದರ ಪಾಲು ನೂರಕ್ಕೆ ಸುಮಾರು 1. ವಿರಳವಾದುದರಿಂದಲೇ ಅದು ಕಣ್ತಪ್ಪಿ ಹೋಗುತ್ತದೆ.

ಅಂಡಾಶಯವಿರುವುದು ಮೂತ್ರಪಿಂಡದ ಬೆನ್ನಿಗೇ. ಆದಕಾರಣ ಹೊಟ್ಟೆಯನ್ನು ಒತ್ತಿ ನೋಡುವಾಗ ಕೈಗೆ ಸಿಕ್ಕ ಗಂಟು ಮೂತ್ರಪಿಂಡದ್ದೋ, ಗುಲ್ಮದ್ದೋ, ಅಂಡಾಶಯದ್ದೋ ಎಂಬುದು ಸುಲಭವಾಗಿ ತಿಳಿಯದು. ವೈದ್ಯರು ಮೊದಲು ನಾಯಿಯ ಒಡೆಯನನ್ನು ಕೇಳುತ್ತಾರೆ: ಬೆದೆ ಯಾವಾಗ ಬಂತು? ಸ್ರಾವ ನಿಂತಿತೇ? ನಮ್ಮ ಗಡಿಯೂರುಗಳಲ್ಲಿ ಒಬ್ಬರು 'ಬೆದೆ' ಎಂದರೆ ಇನ್ನೊಬ್ಬರು ಮರಾಠಿಯ 'ಮಾಜ' ಎನ್ನುತ್ತಾರೆ. ಎರಡನ್ನೂ ಬಲ್ಲ ವೈದ್ಯನೇ ಇಲ್ಲಿ ಭಾಗ್ಯವಂತ!

ಈ ಪ್ರಶ್ನೆ ಉಪಚಾರದ ಮಾತಲ್ಲ. ಗ್ರಾನುಲೋಸಾ ಕೋಶಗಳಿಂದ ಹುಟ್ಟಿದ ಗಡ್ಡೆ ಈಸ್ಟ್ರೋಜೆನ್ ಸ್ರವಿಸತೊಡಗಿದರೆ ಬೆದೆ ಮುಗಿಯದೆ ವಾರಗಟ್ಟಲೆ ಎಳೆಯುತ್ತದೆ. ಯೋನಿಯ ಒಳಪದರದಿಂದ ತೆಗೆದ ಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗಡುಸಾದ ಚಪ್ಪಟೆ ಕೋಶಗಳು ಅದಕ್ಕೆ ಸಾಕ್ಷಿ ನುಡಿಯುತ್ತವೆ. ಈಸ್ಟ್ರೋಜೆನ್ ಅತಿಯಾದರೆ ಅಸ್ಥಿಮಜ್ಜೆ ಕುಗ್ಗಿ, ರಕ್ತಕಣಗಳು ಕ್ಷೀಣಿಸಿ, ನಾಯಿಯ ಪ್ರಾಣಕ್ಕೇ ಕುತ್ತು ಬರಬಹುದು.

ಟೆರಟೋಮಾ ಎಂಬ ಬಗೆ ಇನ್ನೂ ವಿಚಿತ್ರವಾದುದು. ಅಂಡಾಣುವಿನ ಮೂಲಕೋಶಗಳಿಂದ ಹುಟ್ಟುವ ಈ ಗಡ್ಡೆಯೊಳಗೆ ಕೂದಲು, ಕೊಬ್ಬು, ಎಲುಬು, ಕೆಲವೊಮ್ಮೆ ಹಲ್ಲು ಕೂಡ ಇರುತ್ತವೆ. ಗ್ರೀಕರ 'ಟೆರಾಸ್' ಎಂಬ ಪದಕ್ಕೆ ವಿಕೃತ ಜೀವಿ ಎಂದರ್ಥ, ಹೆಸರಿಟ್ಟವರು ಬೆಚ್ಚಿರಬೇಕು. ಎಲುಬು ಹಲ್ಲುಗಳು ಕ್ಷ-ಕಿರಣದ ಚಿತ್ರದಲ್ಲಿ ಬೆಳ್ಳಗೆ ಮೂಡುವುದರಿಂದ ಸುಳಿವು ಬೇಗ ದೊರೆಯುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಬರಿಯ ದ್ರವ ತುಂಬಿದ ಚೀಲ ಕಪ್ಪಾಗಿಯೂ, ಘನವಾದ ಗಡ್ಡೆ ಬೂದುಬಣ್ಣದ್ದಾಗಿಯೂ ಕಾಣುತ್ತದೆ.

ಹಾಗಾದರೆ ಸೂಜಿ ಚುಚ್ಚಿ ಕೋಶಗಳನ್ನು ತೆಗೆದು ನೋಡಬಾರದೇ ಎಂದು ನೀವು ಕೇಳಬಹುದು. ಗಡ್ಡೆ ಕ್ಯಾನ್ಸರ್ ಆಗಿದ್ದರೆ, ಚುಚ್ಚಿದ ರಂಧ್ರದಿಂದ ಸೋರಿದ ಕೋಶಗಳು ಹೊಟ್ಟೆಯೊಳಗೆಲ್ಲ ಬಿತ್ತಿದಂತಾಗುವ ಭಯವಿದೆ. ಆದ್ದರಿಂದ ಅನೇಕ ವೈದ್ಯರು ಆ ಆತುರಕ್ಕೆ ಹೋಗುವುದಿಲ್ಲ. ರೋಗ ಶ್ವಾಸಕೋಶಕ್ಕೆ ಹರಡಿದೆಯೇ ಎಂದು ಎದೆಯ ಚಿತ್ರ ತೆಗೆದು, ಹರಡಿಲ್ಲವಾದರೆ ಅಂಡಾಶಯ ಗರ್ಭಾಶಯಗಳೆರಡನ್ನೂ ಶಸ್ತ್ರಕ್ರಿಯೆಯಿಂದ ತೆಗೆಯುತ್ತಾರೆ. ಅನೇಕ ನಾಯಿಗಳಿಗೆ ಅದೇ ಚಿಕಿತ್ಸೆಯೂ ಹೌದು. ಗಡ್ಡೆಯ ನಿಜವಾದ ಹೆಸರು ಅಂಗಾಂಶಪರೀಕ್ಷೆಯ ನಂತರವೇ ನಿಶ್ಚಯವಾಗುತ್ತದೆ. ಸಂದೇಹ ಉಳಿದರೆ ಇನ್‌ಹಿಬಿನ್ ಎಂಬ ಪ್ರೋಟೀನನ್ನು ಗುರುತಿಸುವ ವಿಶೇಷ ಬಣ್ಣಗಾರಿಕೆ ಗ್ರಾನುಲೋಸಾ ಗಡ್ಡೆಯನ್ನು ಬೇರ್ಪಡಿಸಲು ನೆರವಾಗುತ್ತದೆ.

ಅಭ್ಯಾಸ: ಸೂಜಿಯನ್ನು ಏಕೆ ಚುಚ್ಚಲಿಲ್ಲವೆಂಬುದನ್ನು, ಶಾಲೆಯ ಮೆಟ್ಟಿಲು ಹತ್ತದ ಒಬ್ಬ ಒಡೆಯನಿಗೆ ತಿಳಿಯುವಂತೆ ಐದು ವಾಕ್ಯಗಳಲ್ಲಿ ಬರೆದು ತನ್ನಿರಿ. 'ಗಡ್ಡೆ' ಎಂದಲ್ಲೆಲ್ಲ 'ಕ್ಯಾನ್ಸರ್' ಎಂದು ಬರೆದವರು ಪುನಃ ಬರೆಯಬೇಕಾಗುವುದು.