“ನಾವು ಬರೆದದ್ದನ್ನು ನೀನು ಓದಬಹುದೇನಪ್ಪಾ?”

ಪ್ರಶ್ನೆ: ನಮ್ಮ ಬಳಗದ ಮೂವತ್ತು ಜನರಿಗಾಗಿ ಬಾಡಿಗೆ ಸರ್ವರಿನಲ್ಲಿ ಪ್ರಾಸಡಿ ಎಂಬ ಚಾಟ್ ತಂತ್ರಾಂಶ ಹಾಕಿ ಸ್ವಂತ ಚಾಟ್ ನಡೆಸುತ್ತಿದ್ದೇನೆ. ಮೊನ್ನೆ ಹಿರಿಯರೊಬ್ಬರು “ನಾವು ಬರೆದದ್ದನ್ನು ನೀನು ಓದಬಹುದೇನಪ್ಪಾ?” ಎಂದು ಕೇಳಿದರು. ಎನ್‌ಕ್ರಿಪ್ಷನ್ ಕಡ್ಡಾಯ ಮಾಡಿದ್ದೇನೆ, ಯಾರೂ ಓದಲಾಗದು ಎಂದುಬಿಟ್ಟೆ. ನಾನು ಹೇಳಿದ್ದು ಸರಿಯೇ?

ಉತ್ತರ: ಸರಿಯಲ್ಲ. ನೀವು ಓದಬಹುದು. ಅವರು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ.

ನೀವು ‘ಟ್ರೂ’ ಎಂದು ಬರೆದಿರುವುದು ‘ಸಿ2ಎಸ್ ರಿಕ್ವೈರ್ ಎನ್‌ಕ್ರಿಪ್ಷನ್’ ಎಂಬ ಸಾಲಿನಲ್ಲಿ ಇರಬೇಕು. ಫೋನಿಗೂ ಸರ್ವರಿಗೂ ನಡುವಿನ ದಾರಿಯನ್ನು ಅದು ಭದ್ರ ಮಾಡುತ್ತದೆ, ಅಷ್ಟೇ. ಊರಿಂದ ಊರಿಗೆ ಬಸ್ಸಿನಲ್ಲಿ ಗಂಟು ಕಳಿಸುತ್ತೇವಲ್ಲ, ಹಾಗೆ. ಬಸ್ಸು ಓಡುವಷ್ಟು ಹೊತ್ತು ಡಿಕ್ಕಿಗೆ ಬೀಗ ಇರುತ್ತದೆ. ನಡುವಿನ ನಿಲ್ದಾಣದಲ್ಲಿ ಗಂಟನ್ನು ಇಳಿಸಿ ಇನ್ನೊಂದು ಬಸ್ಸಿಗೆ ಹಾಕುವವರು ಬಿಚ್ಚಿ ನೋಡಿದರೆ ತಡೆಯುವುದು ಏನೂ ಇಲ್ಲ. ಆ ನಿಲ್ದಾಣ ನಿಮ್ಮ ಸರ್ವರ್.

ದಾರಿಯ ಬೀಗವನ್ನಾದರೂ ಪೂರ್ತಿ ನಂಬಬಹುದೇ? 2023ರ ಅಕ್ಟೋಬರ್ 16ರಂದು ರಷ್ಯಾದ ಹಳೆಯ ಚಾಟ್ ಸೇವೆ ಜಾಬರ್ ಡಾಟ್ ಆರ್‌ಯು ನಡೆಸುವವರಿಗೆ ‘ಸರ್ಟಿಫಿಕೇಟ್ ಅವಧಿ ಮುಗಿದಿದೆ’ ಎಂಬ ಎಚ್ಚರಿಕೆ ಕಾಣಿಸಿತು. ಸರ್ಟಿಫಿಕೇಟ್ ಎಂದರೆ ಸರ್ವರಿನ ಗುರುತಿನ ಚೀಟಿ. ಸರ್ವರಿನೊಳಗೆ ಹುಡುಕಿದರೆ ಅಲ್ಲಿದ್ದ ಸರ್ಟಿಫಿಕೇಟುಗಳೆಲ್ಲ ಸರಿಯಾಗೇ ಇದ್ದವು. ಅವಧಿ ಮುಗಿದದ್ದು ಬೇರೆ ಯಾರದೋ ಸರ್ಟಿಫಿಕೇಟ್. ಜರ್ಮನಿಯಲ್ಲಿದ್ದ ಆ ಸರ್ವರುಗಳ ಮುಂದೆ, ದಾರಿಯಲ್ಲೇ ಯಾರೋ ಕೂತು, ಅದೇ ಹೆಸರಿಗೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಿಂದ ಬೇರೊಂದನ್ನು ಪಡೆದು, ಬೀಗ ತೆಗೆದು ಮತ್ತೆ ಹಾಕಿ ಕಳಿಸುತ್ತಿದ್ದರು. ಇದು ಆರು ತಿಂಗಳವರೆಗೂ ನಡೆದಿರಬಹುದೆಂದು ತನಿಖೆ ಮಾಡಿದವರು ಅಂದಾಜಿಸಿದರು. ಇದನ್ನು ಓದಿದ ದಿನ ನಾನು ಸುಮ್ಮನೆ ಕೂರಲಾರದೆ ನನ್ನ ಸರ್ವರಿನ ಸರ್ಟಿಫಿಕೇಟುಗಳನ್ನು ಒಂದೊಂದಾಗಿ ತೆಗೆದು ನೋಡಿದೆ.

ಹಾಗಾಗಿ ಗಂಟಿಗೇ ಬೀಗ ಬೇಕು. ನಿಮ್ಮ ಬಗೆಯ ಸರ್ವರುಗಳಲ್ಲಿ ಅದರ ಹೆಸರು ಒಮೆಮೊ. 2015ರಲ್ಲಿ ಕಾನ್ವರ್ಸೇಷನ್ಸ್ ಆ್ಯಪ್‌ನಲ್ಲಿ ಮೊದಲು ಬಂತು. ಸಂದೇಶ ಕಳಿಸುವವರ ಫೋನಿನಲ್ಲೇ ಮುಚ್ಚಿಕೊಂಡು, ಪಡೆಯುವವರ ಫೋನಿನಲ್ಲೇ ತೆರೆಯುತ್ತದೆ. ಇದನ್ನು ಹಾಕಿಕೊಳ್ಳಬೇಕಾದವರು ಬಳಗದವರು, ತಮ್ಮ ತಮ್ಮ ಆ್ಯಪ್‌ನಲ್ಲಿ. ಗುಂಪಿನ ಮಾತಿಗೆ ಮಾತ್ರ ನಿಮ್ಮ ಕೈಯಲ್ಲೂ ಕೆಲಸವಿದೆ: ಆ ಕೋಣೆ ಸದಸ್ಯರಿಗಷ್ಟೇ ತೆರೆದಿರಬೇಕು, ಸದಸ್ಯರ ನಿಜ ವಿಳಾಸ ಪರಸ್ಪರರಿಗೆ ಕಾಣಬೇಕು. ಇವೆರಡೂ ಇಲ್ಲದ ಕೋಣೆಯಲ್ಲಿ ಒಮೆಮೊ ನಡೆಯುವುದಿಲ್ಲ, ಏಕೆಂದರೆ ಯಾರ ಕೀಲಿಗೆ ಮುಚ್ಚಬೇಕೆಂದು ಫೋನಿಗೆ ತಿಳಿಯುವುದಿಲ್ಲ. ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಿ: ಹೊಸ ಫೋನ್ ಕೊಂಡರೆ ಅದಕ್ಕೂ ಮೊದಲಿನ ಮಾತುಗಳು ಸರ್ವರಿನಿಂದ ಇಳಿದು ಬಂದರೂ ಅದರಲ್ಲಿ ತೆರೆಯುವುದಿಲ್ಲ.

ಆದರೆ ಯಾರ ಕೀಲಿ ಯಾರದು ಎಂದು ತಾಳೆ ನೋಡದಿದ್ದರೆ ಇದೂ ಅರ್ಧ ಕೆಲಸವೇ. ಜಾಬರ್ ಡಾಟ್ ಆರ್‌ಯು ಬಳಕೆದಾರರಿಗೂ ಪಾಸ್‌ವರ್ಡ್ ಬದಲಿಸಿ, ಗೊತ್ತಿಲ್ಲದ ಒಮೆಮೊ ಕೀಲಿ ನಿಮ್ಮ ಖಾತೆಯಲ್ಲಿ ಸೇರಿದೆಯೇ ನೋಡಿಕೊಳ್ಳಿ ಎಂದೇ ತಿಳಿಸಲಾಯಿತು. ನಾನೂ ಅಕ್ಕನೂ ಹೀಗೆ ಮಾಡಿದೆವು: ಇಬ್ಬರೂ ಆ್ಯಪ್‌ನಲ್ಲಿ ಕೀಲಿಯ ಗುರುತಾದ ಫಿಂಗರ್‌ಪ್ರಿಂಟ್ ತೆರೆದಿಟ್ಟುಕೊಂಡು ಬೇರೆ ಫೋನಿನಲ್ಲಿ ಮಾತಾಡಿದೆವು. ಒಟ್ಟು 64 ಅಕ್ಷರ, ಎಂಟೆಂಟರ ಎಂಟು ಗುಂಪು. ಬಿ ಯಾವುದು ಡಿ ಯಾವುದು ಕಿವಿಗೆ ತಿಳಿಯದು. “ಬೆಂಗಳೂರು ಬಿ, ದಾವಣಗೆರೆ ಡಿ” ಎಂದು ಅಕ್ಕ ಓದಿದಳು, ನಾನು ಬೆರಳಿಟ್ಟುಕೊಂಡು ಸರಿಸುತ್ತಾ ಹೋದೆ. ಐದು ನಿಮಿಷ ಹಿಡಿಯಿತು. ಎದುರೆದುರು ಸಿಕ್ಕರೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಮುಗಿಯಿತು.

ಒಮೆಮೊ ಹಾಕಿದ ಮೇಲೂ ನಿಮ್ಮಲ್ಲಿ ಉಳಿಯುವುದು ಕಡಿಮೆಯಿಲ್ಲ. ಯಾರ ಪಟ್ಟಿಯಲ್ಲಿ ಯಾರಿದ್ದಾರೆ, ಯಾರು ಯಾರಿಗೆ ಎಷ್ಟು ಹೊತ್ತಿಗೆ ಕಳಿಸಿದರು ಎಂಬುದು ಸರ್ವರಿಗೆ ಗೊತ್ತು. ‘ಆರ್ಕೈವ್ ಎಕ್ಸ್‌ಪೈರ್ಸ್ ಆಫ್ಟರ್’ ಎಂಬಲ್ಲಿ ‘ನೆವರ್’ ಎಂದಿದ್ದರೆ ಸಂದೇಶಗಳು ಅಳಿಯದೆ ಗುಡ್ಡೆಯಾಗುತ್ತವೆ. ಒಂದು ವಾರಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ, ಎರಡು ಸಾಧನ ಇಟ್ಟುಕೊಂಡವರಿಗೆ ಮಾತು ತಪ್ಪಿಹೋಗುತ್ತದೆ. ಪಾಸ್‌ವರ್ಡ್ ಇಡುವ ಬಗೆ ‘ಇಂಟರ್ನಲ್ ಹ್ಯಾಶ್ಡ್’ ಆಗಿರಲಿ. ‘ಪ್ಲೇನ್’ ಎಂದಿದ್ದರೆ ಪಾಸ್‌ವರ್ಡ್‌ಗಳು ಬರೆದ ಹಾಗೇ ಡಿಸ್ಕಿನಲ್ಲಿರುತ್ತವೆ. ಯಾವುದೋ ದೋಷ ಹುಡುಕಲು ಲಾಗನ್ನು ‘ಡಿಬಗ್’ ಮಟ್ಟಕ್ಕೆ ಏರಿಸಿದ್ದರೆ ಕೆಲಸ ಮುಗಿದ ಕೂಡಲೇ ಇಳಿಸಿ. ಬ್ಯಾಕಪ್ ಎಲ್ಲಿ ಹೋಗುತ್ತಿದೆ ಎಂದೂ ನೋಡಿ. ಸರ್ವರಿನಲ್ಲಿ ಅಳಿಸಿದ್ದು ಅಲ್ಲಿ ವರ್ಷಗಟ್ಟಲೆ ಉಳಿದಿರಬಹುದು. ಎಲ್ಲ ಬದಲಿಸಿದ ಮೇಲೆ ‘ಪ್ರಾಸಡಿಸಿಟಿಎಲ್ ಚೆಕ್’ ಓಡಿಸಿದರೆ ಸೆಟ್ಟಿಂಗ್‌ನಲ್ಲೂ ಸರ್ಟಿಫಿಕೇಟ್‌ನಲ್ಲೂ ಇರುವ ಸಾಮಾನ್ಯ ತಪ್ಪುಗಳನ್ನು ಅದೇ ತೋರಿಸುತ್ತದೆ.

ಇನ್ನು ಆ ಹಿರಿಯರಿಗೆ ಮತ್ತೆ ಫೋನ್ ಮಾಡಿ. “ಅವತ್ತು ತಪ್ಪು ಹೇಳಿದೆ. ಒಮೆಮೊ ಇಲ್ಲದೆ ಬರೆದದ್ದನ್ನು ನಾನು ಓದಬಹುದು. ಅದನ್ನು ಹಾಕಿಕೊಂಡರೆ ಏನು ಬರೆದಿರಿ ಎಂದು ತಿಳಿಯುವುದಿಲ್ಲ, ಯಾರಿಗೆ ಯಾವಾಗ ಬರೆದಿರಿ ಎಂದು ಆಗಲೂ ತಿಳಿಯುತ್ತದೆ” ಎನ್ನಿ. ಆಮೇಲೆ ಅವರ ಮನೆಗೆ ಹೋಗಿ, ಅವರ ಫೋನಿನಲ್ಲಿ ನೀವೇ ಹಾಕಿಕೊಟ್ಟು, ಮೊದಲ ಕ್ಯೂಆರ್ ಕೋಡನ್ನು ಅಲ್ಲೇ ಸ್ಕ್ಯಾನ್ ಮಾಡಿಸಿ.