ಜಠರಾಗ್ನಿ

ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿ ಅಜ್ಜೀಪುರವೆಂಬ ಊರಿದೆ. ಊರಿನ ಸುತ್ತ ಹೊಲಗಳು, ಹೊಲಗಳಾಚೆ ಕಾಡು, ಕಾಡಿನಾಚೆ ಮಲೆ ಮಹದೇಶ್ವರ ಬೆಟ್ಟದ ಸಾಲು. ರಾಗಿಯ ಮುದ್ದೆ, ಹುರುಳಿಕಾಳಿನ ಸಾರು, ಮಜ್ಜಿಗೆ ಈ ಸೀಮೆಗೆ ಒಗ್ಗಿದ ಊಟ. ದಿನವೂ ಹೀಗೆ ಮಿತವಾಗಿ ಉಂಡವರು ಹಬ್ಬ, ಮದುವೆ, ಜಾತ್ರೆಗಳ ದಿನ ಹೊತ್ತು ಮೀರಿ, ಹಸಿವು ಮೀರಿ ಉಣ್ಣುವುದುಂಟು. ಮರುದಿನ ಹೊಟ್ಟೆಯುಬ್ಬರ, ಹುಳಿತೇಗು, ಅರುಚಿ. ಆಗ ಮನೆಯ ಅಜ್ಜಿ ಒಲೆಯ ಮೇಲೆ ನೀರಿಟ್ಟು, ಒಂದು ಚೂರು ಶುಂಠಿಯನ್ನು ಜಜ್ಜಿ ಹಾಕುತ್ತಾಳೆ. ಇವತ್ತಿಗೆ ಮುದ್ದೆ ಬೇಡ, ತೆಳುವಾದ ಗಂಜಿ ಸಾಕು ಎನ್ನುತ್ತಾಳೆ. ಒಂದು ಔಷಧ, ಇನ್ನೊಂದು ಪಥ್ಯ. ಇವೆರಡರ ಹಿಂದೆ ಬಹುಕಾಲದ ಅನುಭವವೂ ವಿಚಾರವೂ ಅಡಗಿವೆ.

ಉಂಡ ಅನ್ನವನ್ನು ಅರಗಿಸುವ ಶಕ್ತಿಯನ್ನು ಆಯುರ್ವೇದವು ಜಠರಾಗ್ನಿಯೆಂದು ಕರೆಯಿತು. ಸಣ್ಣ ಉರಿಯ ಮೇಲೆ ಹಸಿಯ ಕೊರಡನ್ನು ಹೇರಿದರೆ ಉರಿ ನಂದಿ ಹೊಗೆಯೇಳುವಂತೆ, ಹಸಿವಿಲ್ಲದಾಗ ತುಂಬಿದ ಆಹಾರ ಹೊಟ್ಟೆಯನ್ನು ಕೆಡಿಸುತ್ತದೆ. ಈ ಅಗ್ನಿಯು ಸಮ, ವಿಷಮ, ತೀಕ್ಷ್ಣ, ಮಂದ ಎಂದು ನಾಲ್ಕು ಬಗೆ. ಅರಗದೆ ಉಳಿದ ಅಂಶಕ್ಕೆ ‘ಆಮ’ವೆಂದು ಹೆಸರು. ಹೊಟ್ಟೆಯನ್ನು ಮೂರು ಪಾಲು ಮಾಡಿ, ಒಂದನ್ನು ಗಟ್ಟಿ ಆಹಾರಕ್ಕೂ ಒಂದನ್ನು ದ್ರವಕ್ಕೂ ಕೊಟ್ಟು, ಉಳಿದೊಂದನ್ನು ವಾತ, ಪಿತ್ತ, ಕಫಗಳ ಚಲನೆಗೆ ಬಿಡಬೇಕೆಂದು ಚರಕಸಂಹಿತೆಯು ವಿಧಿಸುತ್ತದೆ. ಮಿತವಾಗಿ ಉಂಡ ಹಿತವಾದ ಅನ್ನವೂ ಚಿಂತೆ, ಶೋಕ, ಭಯ, ಕೋಪಗಳಿಂದ ಅರಗದೆ ಹೋಗಬಹುದೆಂಬ ಎಚ್ಚರಿಕೆಯೂ ಅಲ್ಲಿಯೇ ಇದೆ.

ಈ ಕೊನೆಯ ಮಾತಿಗೆ ದೂರದ ದೇಶವೊಂದರಲ್ಲಿ ಆಕಸ್ಮಿಕವಾಗಿ ಸಾಕ್ಷ್ಯ ದೊರೆಯಿತು. 1822ರಲ್ಲಿ ಅಮೆರಿಕದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತರುಣನ ಹೊಟ್ಟೆಗೆ ಗುಂಡು ತಗುಲಿತು. ಅವನು ಬದುಕಿಕೊಂಡನಾದರೂ ಜಠರದವರೆಗೆ ಒಂದು ರಂಧ್ರ ಹಾಗೆಯೇ ಉಳಿಯಿತು. ವಿಲಿಯಂ ಬೋಮಾಂಟ್ ಎಂಬ ವೈದ್ಯನು ಆ ರಂಧ್ರದ ಮೂಲಕ ಆಹಾರವು ಕರಗುವ ರೀತಿಯನ್ನು ವರ್ಷಗಳ ಕಾಲ ಪರೀಕ್ಷಿಸಿ, 1833ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಜಠರದೊಳಗೆ ಬೆಂಕಿಯಿರಲಿಲ್ಲ, ಆಹಾರವನ್ನು ಕರಗಿಸುವ ಆಮ್ಲರಸವಿತ್ತು. ಆದರೆ ಆ ತರುಣನು ಕೋಪಗೊಂಡಾಗ ಜೀರ್ಣಕ್ರಿಯೆ ಕೆಡುವುದನ್ನು ಬೋಮಾಂಟನು ಕಣ್ಣಾರೆ ಕಂಡನು. ಅಗ್ನಿಯೆಂಬುದು ಉಪಮೆಯಾಗಿರಬಹುದು, ಉಪಮೆಯ ಹಿಂದಿನ ಅವಲೋಕನ ಮಾತ್ರ ಸುಳ್ಳಾಗಲಿಲ್ಲ.

ಅಜೀರ್ಣಕ್ಕೆ ಮೊದಲ ಚಿಕಿತ್ಸೆ ಲಂಘನ, ಎಂದರೆ ಹೊಟ್ಟೆಯ ಹೊರೆಯನ್ನು ಇಳಿಸುವುದು. ಒಂದು ಹೊತ್ತಿನ ಊಟವನ್ನು ಬಿಟ್ಟು ಬಿಸಿನೀರು ಕುಡಿದರೆ ಎಷ್ಟೋ ವೇಳೆ ಅಷ್ಟೇ ಸಾಕಾಗುತ್ತದೆ. ಅನಂತರ ಗಂಜಿ, ಆಮೇಲೆ ಮೆತ್ತಗಿನ ಅನ್ನ, ಕೊನೆಗೆ ಎಂದಿನ ಊಟ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಇದಕ್ಕೆ ನೆರವಾಗುವ ವಸ್ತುಗಳು ಅಡುಗೆಮನೆಯಲ್ಲಿಯೇ ಇವೆ. ಶುಂಠಿಯು ಓಕರಿಕೆಯನ್ನು ತಗ್ಗಿಸುತ್ತದೆ. ಇದನ್ನು ಇಂದಿನ ವೈದ್ಯಕೀಯ ಪರೀಕ್ಷೆಗಳೂ ಸಮರ್ಥಿಸಿವೆ. ಜೀರಿಗೆ, ಓಮ, ಇಂಗುಗಳನ್ನು ವಾಯುವಿನ ಬಾಧೆಗೆ ಬಳಸುವುದು ರೂಢಿ. ಕಡೆದು ಬೆಣ್ಣೆ ತೆಗೆದ ಮಜ್ಜಿಗೆ ಹಾಲಿಗಿಂತ ಹಗುರ. ಹಾಲು ಹೆಪ್ಪಾಗುವಾಗ ಅದರ ಸಕ್ಕರೆಯ ಒಂದಂಶವನ್ನು ಸೂಕ್ಷ್ಮಜೀವಿಗಳು ಅರಗಿಸಿರುವುದರಿಂದ, ಹಾಲು ಒಗ್ಗದವರಿಗೂ ಮಜ್ಜಿಗೆ ಒಗ್ಗುವುದುಂಟು.

ಇನ್ನು ಕೆಲವು ಔಷಧಿಗಳು ಬರುವುದು ಕಾಡಿನಿಂದ. ನೆಲ್ಲಿ, ಅಳಲೆ, ತಾರೆ ಎಂಬ ಮೂರು ಕಾಯಿಗಳು ಸೇರಿದರೆ ತ್ರಿಫಲಾ. ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ಸೋಲಿಗರು ತಲೆಮಾರುಗಳಿಂದ ನೆಲ್ಲಿಕಾಯಿ, ಅಳಲೆಕಾಯಿ, ಜೇನುಗಳನ್ನು ಸಂಗ್ರಹಿಸುತ್ತ ಬಂದವರು. ಉಪ್ಪಿನಕಾಯಿಗೆ ಹೆಸರಾದ ಮಾಗಳಿ ಬೇರು ಹಸಿವನ್ನು ಹೆಚ್ಚಿಸುತ್ತದೆಂಬ ನಂಬಿಕೆಯಿದೆ. ಆದರೆ ಕಾಯಿ ಕಿತ್ತರೆ ಮರ ಉಳಿಯುತ್ತದೆ, ಬೇರು ಕಿತ್ತರೆ ಬಳ್ಳಿಯೇ ನಾಶವಾಗಬಹುದು. ಅತಿಯಾಗಿ ಅಗೆದುದರಿಂದ ಮಾಗಳಿ ಇಂದು ವಿರಳವಾಗಿದೆ. ಮಿತವೆಂಬುದು ಹೊಟ್ಟೆಗೆ ಹೇಗೋ ಹಾಗೆ ಕಾಡಿಗೂ ಬೇಕು.

ಗಿಡಮೂಲಿಕೆಯೆಂದ ಮಾತ್ರಕ್ಕೆ ಅದು ಎಲ್ಲರಿಗೂ ನಿರಪಾಯವೆಂದು ತಿಳಿಯಬಾರದು. ಅಳಲೆಕಾಯಿ ಭೇದಿಯನ್ನು ಉಂಟುಮಾಡುವ ವಸ್ತು. ಆದ್ದರಿಂದ ಬಸುರಿಯರಿಗೂ ಭೇದಿಯಾಗುತ್ತಿರುವವರಿಗೂ ಅದು ಸಲ್ಲದು. ಇದಕ್ಕಿಂತ ಅಪಾಯಕರವಾದ ತಪ್ಪೊಂದಿದೆ. ದೊಡ್ಡವರ ಅಜೀರ್ಣಕ್ಕೆ ಹೇಳಿದ ಲಂಘನವನ್ನು ಭೇದಿಯಾಗುತ್ತಿರುವ ಮಗುವಿಗೂ ಮಾಡಿಸಿ, ಹಾಲು ಕೊಟ್ಟರೆ, ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂದು ತಡೆಹಿಡಿಯುವುದೇ ಆ ತಪ್ಪು. ಆಯುರ್ವೇದವು ಮಕ್ಕಳು, ಮುದುಕರು, ಗರ್ಭಿಣಿಯರನ್ನು ಪೋಷಣೆಗೆ ಅರ್ಹರೆಂದು ಎಣಿಸುತ್ತದೆಯೇ ಹೊರತು ಲಂಘನಕ್ಕಲ್ಲ. ಭೇದಿಯಿಂದ ಮಗು ಸಾಯುವುದು ಬಹುಮಟ್ಟಿಗೆ ಮೈಯ ನೀರು ಮತ್ತು ಲವಣಗಳು ಬರಿದಾಗುವುದರಿಂದ. ಒಂದೆರಡು ದಿನಗಳಲ್ಲಿಯೇ ಇದು ಸಂಭವಿಸಬಹುದು.

ಇದಕ್ಕೆ ಪರಿಹಾರ ಅತ್ಯಂತ ಸರಳವಾದುದು. 1971ರಲ್ಲಿ ಬಾಂಗ್ಲಾದೇಶದಿಂದ ಬಂದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಬಂಗಾಳದ ಬೋನ್‌ಗಾಂವ್ ಶಿಬಿರದಲ್ಲಿ ರಕ್ತನಾಳಕ್ಕೆ ಏರಿಸುವ ದ್ರವ ಸಾಲದೆ ಹೋದಾಗ, ಡಾ. ದಿಲೀಪ್ ಮಹಲನಬೀಸ್ ಅವರು ಗ್ಲೂಕೋಸ್ ಮತ್ತು ಲವಣಗಳನ್ನು ಕರಗಿಸಿದ ನೀರನ್ನು ರೋಗಿಗಳಿಗೆ ಬಾಯಿಯಿಂದಲೇ ಕುಡಿಸಿದರು. ಶೇಕಡಾ 30ರಷ್ಟಿದ್ದ ಸಾವು ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಸಕ್ಕರೆಯ ಅಂಶವು ಜೊತೆಗಿದ್ದರೆ ಕರುಳು ಉಪ್ಪನ್ನೂ ನೀರನ್ನೂ ಬೇಗ ಹೀರಿಕೊಳ್ಳುತ್ತದೆ ಎಂಬುದೇ ಇದರ ಮರ್ಮ. ಓ.ಆರ್.ಎಸ್. ಪೊಟ್ಟಣವು ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ದೊರೆಯುತ್ತದೆ. ಅದು ಕೈಗೆ ಸಿಗುವವರೆಗೆ, ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಹಾಕಿ ಕರಗಿಸಬೇಕು. ಚಮಚಗಳು ಸಮಮಟ್ಟವಾಗಿರಬೇಕು, ಉಪ್ಪು ಹೆಚ್ಚಾದರೆ ಕೇಡು. ಅದನ್ನು ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು. ತಾಯಿಯ ಹಾಲನ್ನು ನಿಲ್ಲಿಸಬಾರದು.

ಮಲದಲ್ಲಿ ರಕ್ತ, ನಿಲ್ಲದ ವಾಂತಿ, ತೀವ್ರವಾದ ಜ್ವರ, ಸಹಿಸಲಾಗದ ಹೊಟ್ಟೆನೋವು, ಗುಳಿಬಿದ್ದ ಕಣ್ಣು, ಮೂತ್ರ ಕಡಿಮೆಯಾಗುವುದು, ಮಗು ಮಂಕಾಗಿ ಮಲಗುವುದು: ಇವುಗಳಲ್ಲಿ ಒಂದು ಕಂಡರೂ ಕಷಾಯ ಕಾಯಿಸುತ್ತ ಕೂಡಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ವಾರಗಟ್ಟಲೆ ಬಿಡದ ಅಜೀರ್ಣ, ಕಾರಣವಿಲ್ಲದೆ ಮೈ ಇಳಿಯುವುದು ಸಹ ವೈದ್ಯರು ನೋಡಬೇಕಾದ ಲಕ್ಷಣಗಳೇ.

ಹಬ್ಬದ ಮರುದಿನ ಮೊಮ್ಮಗನಿಗೆ ಶುಂಠಿಯ ಕಷಾಯ ಕೊಟ್ಟ ಅಜ್ಜಿಯ ತಿಳಿವಳಿಕೆ ದೊಡ್ಡದು. ತೊಟ್ಟಿಲ ಕೂಸು ನೀರಿನಂತೆ ಭೇದಿ ಮಾಡಿಕೊಂಡಾಗ ಅದೇ ಅಜ್ಜಿ ಸಕ್ಕರೆ ಉಪ್ಪಿನ ನೀರನ್ನು ಕುಡಿಸುತ್ತ, ಕೂಸನ್ನೆತ್ತಿಕೊಂಡು ಆಸ್ಪತ್ರೆಯ ದಾರಿ ಹಿಡಿದರೆ ಆ ತಿಳಿವಳಿಕೆ ಪೂರ್ಣವಾಗುತ್ತದೆ. ಮನೆಮದ್ದಿನ ಗುಣವನ್ನು ಬಲ್ಲವರು ಅದರ ಮಿತಿಯನ್ನೂ ಬಲ್ಲವರಾಗಿರಬೇಕು.