ಬ್ಯಾಟರಿ ಗರಗಸದ ಖರೀದಿ: ಯಂತ್ರಕ್ಕಿಂತ ಮೊದಲು ಬ್ಯಾಟರಿಯ ಲೆಕ್ಕ

ಸುಳ್ಯ ತಾಲೂಕಿನ ಕೊಲ್ಲಮೊಗ್ರು ಗ್ರಾಮದ ಮರಗೆಲಸದ ಗುತ್ತಿಗೆದಾರರೊಬ್ಬರು ವರ್ಷಾಂತ್ಯದ ಲೆಕ್ಕಕ್ಕೆಂದು ತಂದ ಬಿಲ್ಲುಗಳ ಕಟ್ಟಿನಲ್ಲಿ ಮೂರು ಕಂಪೆನಿಗಳ ಉಪಕರಣಗಳ ಬಿಲ್ಲುಗಳಿದ್ದವು. ಡ್ರಿಲ್ ಒಂದು ಕಂಪೆನಿಯದು, ಗ್ರೈಂಡರ್ ಮತ್ತೊಂದರದು, ಹೊಸದಾಗಿ ಕೊಂಡ ಬ್ಯಾಟರಿ ಚಾಲಿತ ಸರ್ಕ್ಯುಲರ್ ಸಾ ಮೂರನೆಯದರದು. ಮೂರಕ್ಕೂ ಬೇರೆ ಬೇರೆ ಬ್ಯಾಟರಿ, ಬೇರೆ ಬೇರೆ ಚಾರ್ಜರ್. ಮೇ ತಿಂಗಳಿನಲ್ಲಿ, ಮಳೆ ಹಿಡಿಯುವ ಮುನ್ನ ಮುಗಿಸಿಕೊಡಬೇಕಾಗಿದ್ದ ಹಂಚಿನ ಮಾಡಿನ ಕೆಲಸದ ನಡುವೆ ಗರಗಸದ ಒಂದೇ ಒಂದು ಬ್ಯಾಟರಿ ಕೈಕೊಟ್ಟಿತು. ಡ್ರಿಲ್ಲಿನ ಎರಡು ಬ್ಯಾಟರಿಗಳು ಪೂರ್ಣ ಚಾರ್ಜ್ ಆಗಿ ಪಕ್ಕದಲ್ಲಿಯೇ ಇದ್ದವು. ಆದರೆ ಅವು ಗರಗಸಕ್ಕೆ ಕೂರುವುದಿಲ್ಲ. ಬದಲಿ ಬ್ಯಾಟರಿ ಮಂಗಳೂರಿನಿಂದ ಬರುವವರೆಗೆ ಮೂರು ದಿನ ನಾಲ್ವರು ಕೆಲಸಗಾರರು ಕೈಕಟ್ಟಿ ಕುಳಿತರು. ಸಂಬಳವನ್ನು ಮಾತ್ರ ಕೊಡಲೇಬೇಕಾಯಿತು. ಈ ನಷ್ಟವು ಅವರು ತಂದ ಯಾವ ಬಿಲ್ಲಿನಲ್ಲಿಯೂ ನಮೂದಾಗಿರಲಿಲ್ಲ.

ನಾನು ಯಂತ್ರಶಾಸ್ತ್ರ ಓದಿದವನಲ್ಲ, ವಾಣಿಜ್ಯ ಓದಿದವನು. ಆದರೂ ಈ ಖರೀದಿಯಲ್ಲಿ ಆದ ತಪ್ಪು ಯಂತ್ರದ್ದಕ್ಕಿಂತ ಹೆಚ್ಚಾಗಿ ಲೆಕ್ಕದ್ದು ಎಂಬುದು ನನ್ನ ಅಭಿಪ್ರಾಯ. ಇಂತಹ ಗರಗಸ ಕೊಳ್ಳುವವನು ವಾಸ್ತವವಾಗಿ ಒಂದು ಬ್ಯಾಟರಿ ಪದ್ಧತಿಗೆ ಚಂದಾದಾರನಾಗುತ್ತಾನೆ. ಗರಗಸವು ಆ ಪದ್ಧತಿಯ ಮೊದಲ ಸದಸ್ಯ ಮಾತ್ರ.

ಬ್ಯಾಟರಿ ಗರಗಸ ಯಾರಿಗೆ ಬೇಕು

ಎಲ್ಲರಿಗೂ ಬೇಕಾಗಿಲ್ಲ. ಸ್ಥಿರವಾದ ವಿದ್ಯುತ್ ಸಂಪರ್ಕವಿರುವ ಕಾರ್ಯಾಗಾರದಲ್ಲಿ ಒಂದೇ ಮೇಜಿನ ಮೇಲೆ ದಿನವಿಡೀ ಪ್ಲೈವುಡ್ ಸೀಳುವವರಿಗೆ ವೈರಿನ ಯಂತ್ರವೇ ಲಾಭಕರ. ಅದರ ಬೆಲೆಯೂ ಕಡಿಮೆ, ಬಾಳಿಕೆಯೂ ಹೆಚ್ಚು. ಬ್ಯಾಟರಿಯ ಉಪಯೋಗವಿರುವುದು ಸ್ಥಳಕ್ಕೆ ಹೋಗಿ ಕೆಲಸ ಮಾಡುವವರಿಗೆ. ಕೊಲ್ಲಮೊಗ್ರು, ಕಲ್ಮಕಾರು, ಹರಿಹರ ಪಲ್ಲತಡ್ಕದಂತಹ ಘಟ್ಟದ ತಪ್ಪಲಿನ ಊರುಗಳಲ್ಲಿ ಮನೆಗಳು ತೋಟಗಳ ನಡುವೆ ಚದುರಿಕೊಂಡಿವೆ. ಹೊಸ ಮನೆಗೆ ಮೆಸ್ಕಾಂ ಸಂಪರ್ಕ ಬರುವ ಮೊದಲೇ ದಾರಂದ ಕೂರಿಸಬೇಕಾಗುತ್ತದೆ. ಮಾಡಿನ ಮೇಲೆ ಕುಳಿತು ಪಕ್ಕಾಸು, ರೀಪು ಕೊಯ್ಯುವವನಿಗೆ ಉದ್ದನೆಯ ವೈರು ಎಳೆದಾಡುವುದು ಅಪಾಯಕರ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿಯುವುದಂತೂ ನಮ್ಮವರಿಗೆ ಹೊಸತಲ್ಲ. 2022ರ ಆಗಸ್ಟ್ ಆರಂಭದಲ್ಲಿ ಈ ಭಾಗದಲ್ಲಿ ಸುರಿದ ಮಳೆ, ಬಂದ ನೆರೆ ಸದಸ್ಯರ ನೆನಪಿನಲ್ಲಿ ಇದ್ದೇ ಇದೆ.

ಇನ್ನೊಂದು ಮಾತು. ನಮ್ಮ ಕಡೆ ಅನೇಕ ಬಡಗಿಗಳು ನಾಲ್ಕು ಇಂಚಿನ ಮಾರ್ಬಲ್ ಕಟ್ಟರಿಗೆ ಮರದ ಬ್ಲೇಡ್ ಹಾಕಿ ಕೆಲಸ ಸಾಗಿಸುತ್ತಾರೆ. ಕಲ್ಲಿಗಾಗಿ ಮಾಡಿದ ಆ ಯಂತ್ರ ನಿಮಿಷಕ್ಕೆ ಸುಮಾರು 12,000 ಸುತ್ತು ತಿರುಗುತ್ತದೆ. ಬ್ಲೇಡಿನ ಕೆಳಭಾಗವನ್ನು ತಾನಾಗಿಯೇ ಮುಚ್ಚುವ ರಕ್ಷಾಕವಚ ಅದಕ್ಕಿರುವುದಿಲ್ಲ. ಮರಕ್ಕೆಂದೇ ಮಾಡಿದ ಗರಗಸದಲ್ಲಿ ಆ ಕವಚವಿರುತ್ತದೆ, ಗುಂಡಿ ಬಿಟ್ಟೊಡನೆ ಬ್ಲೇಡ್ ನಿಲ್ಲಿಸುವ ಬ್ರೇಕ್ ಹಲವು ಮಾದರಿಗಳಲ್ಲಿರುತ್ತದೆ. ಕೆಲಸಗಾರನ ಬೆರಳಿಗೆ ಏಟಾದರೆ ಪರಿಹಾರದ ಹೊಣೆ ಮಾಲೀಕನದು. ಅಗ್ಗದ ಪರ್ಯಾಯವನ್ನು ತೂಗುವಾಗ ಅದನ್ನೂ ತಕ್ಕಡಿಯಲ್ಲಿಡಬೇಕು.

ಪೆಟ್ಟಿಗೆಯ ಮೇಲಿನ ಅಂಕಿಗಳು

ಅಂಗಡಿಯಲ್ಲಿ ಒಂದು ಪೆಟ್ಟಿಗೆಯ ಮೇಲೆ 18 ವೋಲ್ಟ್, ಮತ್ತೊಂದರ ಮೇಲೆ 20 ವೋಲ್ಟ್, ಇನ್ನೊಂದರ ಮೇಲೆ 21 ವೋಲ್ಟ್ ಎಂದಿರುತ್ತದೆ. ಮೂರರೊಳಗೂ ಇರುವುದು ಸಾಮಾನ್ಯವಾಗಿ ಸಾಲಾಗಿ ಜೋಡಿಸಿದ ಐದು ಲೀಥಿಯಂ ಅಯಾನ್ ಸೆಲ್‌ಗಳ ಸರಣಿಯೇ. ಸೆಲ್ ಒಂದಕ್ಕೆ ಸರಾಸರಿ 3.6 ವೋಲ್ಟ್ ಎಂದು ಹಿಡಿದರೆ 18. ಪೂರ್ಣ ಚಾರ್ಜ್ ಆದಾಗಿನ 4.2 ಎಂದು ಹಿಡಿದರೆ 21. ಆದುದರಿಂದ 20 ಎಂಬುದು 18ಕ್ಕಿಂತ ಬಲಶಾಲಿ ಎಂಬ ಮಾರಾಟಗಾರನ ಮಾತನ್ನು ನಂಬಬೇಕಾಗಿಲ್ಲ. ಅಷ್ಟೇ ಗಾತ್ರದ, ಹೆಸರು ಕೇಳದ ಬ್ಯಾಟರಿಗಳ ಮೇಲೆ 48, 88 ಎಂದು ದಪ್ಪಕ್ಷರದಲ್ಲಿ ಬರೆದಿರುವುದುಂಟು. ಅವುಗಳನ್ನು ಮಾದರಿ ಸಂಖ್ಯೆಯೆಂದು ಓದಿಕೊಳ್ಳುವುದು ಕ್ಷೇಮ.

ಬ್ಯಾಟರಿಯ ನಿಜವಾದ ಅಳತೆ ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದಾಗ ದೊರೆಯುವ ವ್ಯಾಟ್-ಅವರ್. 18 ವೋಲ್ಟಿನ 5 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 90 ವ್ಯಾಟ್-ಅವರ್ ಶಕ್ತಿಯಿದೆ. ಗರಗಸವು ಗಟ್ಟಿ ಮರ ಕೊಯ್ಯುವಾಗ 900 ವ್ಯಾಟ್ ಎಳೆಯುತ್ತದೆಂದು ಭಾವಿಸಿದರೆ ಬಿಡುವಿಲ್ಲದೆ ಆರು ನಿಮಿಷ ಮಾತ್ರ ಓಡೀತು. ಒಂದು ಪಕ್ಕಾಸು ಕೊಯ್ಯಲು ಹತ್ತು ಸೆಕೆಂಡೆಂದರೆ ಮೂವತ್ತಾರು ಕೊಯ್ತ. ಮನೆಯೊಂದರ ಮಾಡಿಗೆ ಎಷ್ಟು ಕೊಯ್ತಗಳೆಂದು ಬಲ್ಲವರು ಎಷ್ಟು ಬ್ಯಾಟರಿ ಬೇಕೆಂಬುದನ್ನು ತಾವೇ ಲೆಕ್ಕ ಹಾಕಿಕೊಳ್ಳಬಹುದು.

ಇದೇ 900 ವ್ಯಾಟನ್ನು 18ರಿಂದ ಭಾಗಿಸಿದರೆ 50 ಆಂಪಿಯರ್. ಡ್ರಿಲ್ಲಿನೊಂದಿಗೆ ಬರುವ 2 ಆಂಪಿಯರ್-ಅವರ್‌ನ ಚಿಕ್ಕ ಬ್ಯಾಟರಿಯಲ್ಲಿ ಐದೇ ಸೆಲ್‌ಗಳಿದ್ದು ಆ ಪ್ರವಾಹವಷ್ಟನ್ನೂ ಪ್ರತಿಯೊಂದು ಸೆಲ್ಲೂ ಹೊರಬೇಕಾಗುತ್ತದೆ. ಬಿಸಿಯಾಗುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಬ್ಲೇಡ್ ಮರದ ನಡುವೆ ನಿಲ್ಲುತ್ತದೆ. 5 ಆಂಪಿಯರ್-ಅವರ್‌ನದರಲ್ಲಿ ಸಾಮಾನ್ಯವಾಗಿ ಹತ್ತು ಸೆಲ್‌ಗಳು ಎರಡು ಸಾಲಾಗಿದ್ದು ಹೊರೆ ಅರ್ಧವಾಗುತ್ತದೆ. ಗರಗಸಕ್ಕೆ ಚಿಕ್ಕ ಬ್ಯಾಟರಿ ಹಾಕಿ ಉಳಿಸಿದ ಹಣ ಆ ಬ್ಯಾಟರಿಯ ಆಯುಷ್ಯದಲ್ಲಿಯೇ ಹೋಗುತ್ತದೆ.

ಯಾವುದು ಯಾವುದಕ್ಕೆ ಕೂರುತ್ತದೆ

ಒಂದೇ ಹೆಸರಿದ್ದರೆ ಬ್ಯಾಟರಿಯೂ ಒಂದೇ ಎಂಬ ಭಾವನೆ ಸಾಮಾನ್ಯವಾಗಿದೆ, ಅದು ಸರಿಯಲ್ಲ. ಬಾಷ್ ಕಂಪೆನಿಯ ನೀಲಿ ಬಣ್ಣದ ವೃತ್ತಿಪರ ಉಪಕರಣಗಳ 18 ವೋಲ್ಟ್ ಬ್ಯಾಟರಿ ಅದೇ ಕಂಪೆನಿಯ ಹಸಿರು ಬಣ್ಣದ ಗೃಹೋಪಯೋಗಿ ಉಪಕರಣಗಳಿಗೆ ಹೊಂದುವುದಿಲ್ಲ. ಡಿವಾಲ್ಟ್, ಸ್ಟಾನ್ಲಿ, ಬ್ಲ್ಯಾಕ್ ಅಂಡ್ ಡೆಕರ್ ಒಂದೇ ಮಾಲೀಕತ್ವದವಾದರೂ ಅವುಗಳ ಬ್ಯಾಟರಿಗಳು ಪರಸ್ಪರ ಬದಲಾಗುವುದಿಲ್ಲ. ಮಕಿತಾದವರು 2019ರಲ್ಲಿ ಆರಂಭಿಸಿದ 40 ವೋಲ್ಟ್ ಶ್ರೇಣಿಯ ಬ್ಯಾಟರಿ ಅವರದೇ 18 ವೋಲ್ಟಿನ ಉಪಕರಣಕ್ಕೆ ಕೂರುವುದಿಲ್ಲ. ಇದಕ್ಕೆ ಪ್ರತಿಯಾಗಿ, ಹಿಂದೆ ಹಿಟಾಚಿ ಕೋಕಿ ಎಂದಿದ್ದು 2018ರಲ್ಲಿ ಹೆಸರು ಬದಲಿಸಿಕೊಂಡ ಹೈಕೋಕಿಯವರ 36 ವೋಲ್ಟಿನ ಬ್ಯಾಟರಿ ಅವರ 18 ವೋಲ್ಟಿನ ಉಪಕರಣಗಳಲ್ಲಿಯೂ ನಡೆಯುತ್ತದೆ. ಡಿವಾಲ್ಟಿನವರು 2016ರಲ್ಲಿ ತಂದ ಫ್ಲೆಕ್ಸ್‌ವೋಲ್ಟ್ ಬ್ಯಾಟರಿಯೂ ಅವರ 18-20 ವೋಲ್ಟಿನ ಉಪಕರಣಗಳಿಗೆ ಇದೇ ರೀತಿ ಹೊಂದುತ್ತದೆ.

ಹಲವು ಕಂಪೆನಿಗಳು ಕೂಡಿ ಒಂದೇ ಬ್ಯಾಟರಿ ಬಳಸುವ ಒಕ್ಕೂಟಗಳೂ ಇವೆ. 2018ರಲ್ಲಿ ಜರ್ಮನಿಯ ಮೆಟಾಬೊ ಒಂದನ್ನು ಹುಟ್ಟುಹಾಕಿತು. 2022ರಲ್ಲಿ ಬಾಷ್ ಆಂಪ್‌ಶೇರ್ ಎಂಬ ಹೆಸರಿನಲ್ಲಿ ಇನ್ನೊಂದನ್ನು. ಇವು ಒಳ್ಳೆಯ ಬೆಳವಣಿಗೆಗಳೇ. ಆದರೆ ಸುಳ್ಯ, ಪುತ್ತೂರಿನ ಅಂಗಡಿಯಲ್ಲಿ ದೊರೆಯದ ಉಪಕರಣ ಒಕ್ಕೂಟದಲ್ಲಿ ಇದ್ದೇನು ಪ್ರಯೋಜನ? ನನ್ನ ಸಲಹೆ ಇಷ್ಟೇ: ನಾಲ್ಕು ವರ್ಷಗಳಲ್ಲಿ ತಮಗೆ ಬೇಕಾಗಬಹುದಾದ ಉಪಕರಣಗಳ ಪಟ್ಟಿಯನ್ನು ಮೊದಲು ಬರೆಯಿರಿ. ಅವೆಲ್ಲವೂ ಯಾರ ಬ್ಯಾಟರಿಯಲ್ಲಿ ನಡೆಯುತ್ತವೆ, ಆ ಬ್ಯಾಟರಿ ಒಂದು ದಿನದೊಳಗೆ ಕೈಗೆ ಸಿಗುತ್ತದೆಯೇ, ಸೇವಾ ಕೇಂದ್ರ ಎಲ್ಲಿದೆ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆ ಗರಗಸ ಆಯ್ದುಕೊಳ್ಳಿ.

ಲೆಕ್ಕ ಹೀಗೆ

ವಿವರಣೆಯ ಅನುಕೂಲಕ್ಕಾಗಿ ದುಂಡು ಅಂಕಿಗಳನ್ನು ಹಿಡಿಯೋಣ. ಬೆಲೆಗಳು ಮಾದರಿಯಿಂದ ಮಾದರಿಗೆ ವ್ಯತ್ಯಾಸವಾಗುತ್ತವೆ. ಬರೀ ಗರಗಸ 14,000 ರೂ., 5 ಆಂಪಿಯರ್-ಅವರ್‌ನ ಎರಡು ಬ್ಯಾಟರಿ 18,000 ರೂ., ವೇಗದ ಚಾರ್ಜರ್ 4,000 ರೂ., ಒಟ್ಟು 36,000 ರೂ. ಇದರಲ್ಲಿ ಶೇ. 61 ಭಾಗ ಬ್ಯಾಟರಿ ಮತ್ತು ಚಾರ್ಜರಿನದು. ಮುಂದೆ ಡ್ರಿಲ್ 7,000, ಗ್ರೈಂಡರ್ 8,000, ಜಿಗ್ ಸಾ 9,000 ರೂ.ಗಳಿಗೆ ಬರಿಯ ಉಪಕರಣವಾಗಿ ಕೊಂಡರೆ ನಾಲ್ಕೂ ಸೇರಿ 60,000 ರೂ. ಆಗುತ್ತದೆ. ಅವೇ ನಾಲ್ಕನ್ನು ನಾಲ್ಕು ಕಂಪೆನಿಗಳಲ್ಲಿ, ಪ್ರತಿಯೊಂದಕ್ಕೂ ಎರಡು ಬ್ಯಾಟರಿ, ಒಂದು ಚಾರ್ಜರಿನೊಡನೆ ಕೊಂಡರೆ 1,26,000 ರೂ. ಕೆಲಸ ಮಾತ್ರ ಅಷ್ಟೇ.

ಬಳಕೆಯ ವೆಚ್ಚವನ್ನು ನೋಡೋಣ. 90 ವ್ಯಾಟ್-ಅವರ್‌ನ ಬ್ಯಾಟರಿ ತುಂಬಿಸಲು, ಚಾರ್ಜರಿನ ನಷ್ಟ ಸೇರಿಸಿದರೂ, ಒಂದು ಯೂನಿಟ್ಟಿನ ಎಂಟನೇ ಒಂದು ಭಾಗದಷ್ಟು ವಿದ್ಯುತ್ ಸಾಕು. ಯೂನಿಟ್ಟಿಗೆ 8 ರೂ. ಎಂದರೆ ಒಂದು ರೂಪಾಯಿ. ಆದರೆ 9,000 ರೂ.ನ ಬ್ಯಾಟರಿ 500 ಬಾರಿ ತುಂಬಿ ಬರಿದಾಗುತ್ತದೆಂದು ಭಾವಿಸಿದರೆ ಪ್ರತಿ ಚಾರ್ಜಿಗೆ ಬ್ಯಾಟರಿ ಸವೆತವೇ 18 ರೂ. ದಿನಕ್ಕೆ ನಾಲ್ಕು ಚಾರ್ಜ್ ಆದರೆ ವಿದ್ಯುತ್ತೂ ಸೇರಿ 76 ರೂ. ಗುತ್ತಿಗೆಯ ದರ ನಮೂದಿಸುವಾಗ ಈ 76 ರೂ. ಸೇರಿಸಿದವರನ್ನು ನಾನು ಇದುವರೆಗೆ ಕಂಡಿಲ್ಲ. ಮೊಳೆ, ಫೆವಿಕಾಲ್ ಸೇರಿಸುತ್ತಾರೆ, ಬ್ಯಾಟರಿಯನ್ನು ಮರೆಯುತ್ತಾರೆ.

ಚಾರ್ಜರಿನ ವಿಷಯದಲ್ಲಿಯೂ ಕಿಟ್ ಜೊತೆ ಬರುವ 2 ಆಂಪಿಯರಿನದಕ್ಕೆ ತೃಪ್ತರಾಗಬಾರದು. 5 ಆಂಪಿಯರ್-ಅವರ್ ತುಂಬಲು ಅದಕ್ಕೆ ಎರಡೂವರೆ ಗಂಟೆಗೂ ಹೆಚ್ಚು ಬೇಕು. 8 ಆಂಪಿಯರಿನದಾದರೆ ಮುಕ್ಕಾಲು ಗಂಟೆಯ ಆಸುಪಾಸು. ಒಂದು ಬ್ಯಾಟರಿ ಓಡುವಾಗ ಇನ್ನೊಂದು ತುಂಬುತ್ತಿರುತ್ತದೆ. ಬಿಸಿಯಾದ ಬ್ಯಾಟರಿಯನ್ನು ಒಡನೆ ಚಾರ್ಜಿಗೆ ಹಾಕದೆ ನೆರಳಿನಲ್ಲಿ ಆರಲು ಬಿಡಬೇಕು. ಮಳೆಗಾಲವಿಡೀ ಕೆಲಸವಿಲ್ಲದಿದ್ದರೆ ಅರ್ಧದಷ್ಟು ಚಾರ್ಜ್ ಉಳಿಸಿ ತೇವವಿಲ್ಲದ ಕಡೆ ಇಡಬೇಕು.

ತೆರಿಗೆಯ ಅಂಶಗಳು

ಗರಗಸ, ಲೀಥಿಯಂ ಅಯಾನ್ ಬ್ಯಾಟರಿ, ಚಾರ್ಜರ್ ಮೂರಕ್ಕೂ ಜಿಎಸ್‌ಟಿ ದರ ಶೇ. 18. ಮೇಲಿನ 36,000 ರೂ.ಗೆ ತೆರಿಗೆ 6,480 ರೂ. ನೋಂದಾಯಿತ ವ್ಯಾಪಾರಿಯು ವ್ಯವಹಾರಕ್ಕಾಗಿ ಕೊಂಡಿದ್ದಲ್ಲಿ ಈ ಮೊತ್ತವನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಆದರೆ ಬಿಲ್ಲಿನಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ಇರಬೇಕು. ಮಗನ ಮೊಬೈಲಿನಿಂದ ಅವನ ಹೆಸರಿನಲ್ಲಿ ಆನ್‌ಲೈನ್ ತರಿಸಿದ ಬಿಲ್ಲುಗಳು ನನ್ನ ಮೇಜಿಗೆ ಎಷ್ಟೋ ಬಂದಿವೆ. ಅವುಗಳ ತೆರಿಗೆಯನ್ನು ಮರೆತುಬಿಡಬೇಕಾಗುತ್ತದೆ. ಕಾಂಪೋಸಿಷನ್ ಯೋಜನೆಯಲ್ಲಿರುವವರಿಗೆ ಈ ಜಮೆ ಇಲ್ಲ. ಜಮೆ ಪಡೆದ ತೆರಿಗೆಯ ಮೊತ್ತದ ಮೇಲೆ ಸವಕಳಿಯನ್ನೂ ಕೇಳುವಂತಿಲ್ಲ.

ಆದಾಯ ತೆರಿಗೆಯಲ್ಲಿ ಇವು ಯಂತ್ರೋಪಕರಣಗಳ ಗುಂಪಿಗೆ ಸೇರಿ ಶೇ. 15 ಸವಕಳಿಗೆ ಅರ್ಹ. ಆ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಒಬ್ಬ ಮಾರಾಟಗಾರನಿಗೆ ಒಂದೇ ದಿನ 10,000 ರೂ. ಮೀರಿ ನಗದು ಪಾವತಿಸಿ ಕೊಂಡ ಆಸ್ತಿಯ ಆ ಮೊತ್ತವು 2017-18ನೇ ಹಣಕಾಸು ವರ್ಷದಿಂದ ಸವಕಳಿಯ ಲೆಕ್ಕಕ್ಕೆ ಬರುವುದಿಲ್ಲ. ನಗದು ಕೊಟ್ಟರೆ ಐನೂರು ರೂಪಾಯಿ ಕಡಿಮೆ ಮಾಡುತ್ತೇನೆನ್ನುವ ಅಂಗಡಿಯವರ ಮುಂದೆ ಇದನ್ನು ನೆನಪಿಡುವುದು ಒಳಿತು. ಅಂದಾಜು ಲಾಭದ ಯೋಜನೆಯಡಿ ರಿಟರ್ನ್ ಸಲ್ಲಿಸುವ ಸಣ್ಣ ಉದ್ಯಮಿಗಳಿಗೆ ಪ್ರತ್ಯೇಕ ಸವಕಳಿಯೇ ಇಲ್ಲವಾದುದರಿಂದ ತೆರಿಗೆ ಉಳಿತಾಯಕ್ಕೆಂದು ಮಾರ್ಚ್ ಕೊನೆಯಲ್ಲಿ ಓಡಿಹೋಗಿ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಶೇ. 15ರ ದರದಲ್ಲಿ ನಾಲ್ಕು ಪೂರ್ಣ ವರ್ಷಗಳ ನಂತರ ಪುಸ್ತಕದಲ್ಲಿ 18,792 ರೂ. ಉಳಿದಿರುತ್ತದೆ. ವಾಸ್ತವದಲ್ಲಿ ಆ ಹೊತ್ತಿಗೆ ಬ್ಯಾಟರಿಗಳು ಹೆಚ್ಚು ಕಡಿಮೆ ಗುಜರಿಯಾಗಿರುತ್ತವೆ. ಆದುದರಿಂದ ತೆರಿಗೆಯ ಸವಕಳಿ ಬೇರೆ, ತಮ್ಮ ಸ್ವಂತ ವೆಚ್ಚದ ಲೆಕ್ಕ ಬೇರೆ ಎಂದು ತಿಳಿದು, ಎರಡು ಬ್ಯಾಟರಿಗಳಿಗಾಗಿ ತಿಂಗಳಿಗೆ 500 ರೂ.ನಂತೆ ಮೂರು ವರ್ಷ ಬದಿಗಿಡುವುದು ಸೂಕ್ತ. ಹಳೆಯ ಬ್ಯಾಟರಿ ಸತ್ತು ಅದರ ಸ್ಥಾನಕ್ಕೆ ಕೊಂಡದ್ದನ್ನು ನಾನು ದುರಸ್ತಿ ವೆಚ್ಚವಾಗಿ ಬರೆಯುತ್ತೇನೆ.

ಇನ್ನು ಗರಗಸ

165 ಮಿ.ಮೀ. ಬ್ಲೇಡಿನ ಯಂತ್ರ ಸುಮಾರು 55 ಮಿ.ಮೀ. ಆಳ ಕೊಯ್ಯುತ್ತದೆ, 185ರ ಆಸುಪಾಸಿನದು 65 ಮಿ.ಮೀ.ನಷ್ಟು. ರೀಪು, ಹಲಗೆ, ಪ್ಲೈವುಡ್ಡಿಗೆ ಮೊದಲನೆಯದು ಸಾಕು, ಹಗುರವೂ ಹೌದು. ದಪ್ಪ ಪಕ್ಕಾಸು, ಹಲಸಿನ ದಾರಂದದ ಕೆಲಸವಿದ್ದರೆ ಎರಡನೆಯದನ್ನು ನೋಡಬೇಕು. ದಿಮ್ಮಿ ಸೀಳಲು ಎರಡೂ ಅಲ್ಲ, ಅದು ಮಿಲ್ಲಿನ ಕೆಲಸ. ಬ್ರಷ್ ಇಲ್ಲದ ಮೋಟಾರು ಅದೇ ಚಾರ್ಜಿನಲ್ಲಿ ಹೆಚ್ಚು ಕೊಯ್ಯುತ್ತದೆ. ಹೆಚ್ಚಿನ ಬೆಲೆ ಕೊಡಲು ಅದು ಸಕಾರಣ. ತೆಳು ಬ್ಲೇಡ್, ಹರಿತವಾದ ಹಲ್ಲು ಬ್ಯಾಟರಿಯನ್ನು ಉಳಿಸುತ್ತವೆ. ಬ್ಲೇಡಿನ ನಡುವಿನ ರಂಧ್ರದ ಅಳತೆ ಕಂಪೆನಿಯಿಂದ ಕಂಪೆನಿಗೆ ಬೇರೆಯಾಗಿರುವುದರಿಂದ ಆ ಅಳತೆಯದು ನಮ್ಮ ಅಂಗಡಿಗಳಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿಕೊಳ್ಳಬೇಕು.

ಹಾರ್ಡ್‌ವೇರ್ ವ್ಯಾಪಾರಿ ಸದಸ್ಯರಿಗೂ ಒಂದು ಮಾತು. ಬ್ಯಾಟರಿ ಕಪಾಟಿನಲ್ಲಿದ್ದರೂ ವಯಸ್ಸಾಗುವ ಸರಕು. ಐದು ಕಂಪೆನಿಗಳ ಗರಗಸ ಜೋಡಿಸಿಟ್ಟು ಒಂದಕ್ಕೂ ಬಿಡಿ ಬ್ಯಾಟರಿ ಇಲ್ಲದಿರುವುದಕ್ಕಿಂತ, ಎರಡು ಕಂಪೆನಿಗಳನ್ನು ಆಯ್ದು ಬ್ಯಾಟರಿ ಸದಾ ಲಭ್ಯವಿರುವಂತೆ ನೋಡಿಕೊಂಡರೆ ಗಿರಾಕಿಯು ಮಂಗಳೂರಿಗೆ ಹೋಗುವುದಿಲ್ಲ. ತಯಾರಿಕೆಯ ತಿಂಗಳು ನೋಡಿ ಮೊದಲು ಬಂದದ್ದನ್ನು ಮೊದಲು ಮಾರಬೇಕು. ವರ್ಷಾಂತ್ಯದ ದಾಸ್ತಾನಿನಲ್ಲಿ ಹಳೆಯವುಗಳನ್ನು ಮಾರಿದರೆ ಬರಬಹುದಾದ ಬೆಲೆಗೆ ಇಳಿಸಿ ತೋರಿಸಬೇಕು. ಕೆಟ್ಟ ಬ್ಯಾಟರಿಗಳನ್ನು ತೋಟದಲ್ಲಿ ಹೂಳುವುದಾಗಲಿ, ಕಸದೊಡನೆ ಸುಡುವುದಾಗಲಿ ಕೂಡದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅವುಗಳ ಸಂಗ್ರಹಣೆಯ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಅಂಗಡಿಯಲ್ಲಿ ಒಣಗಿದ ಡಬ್ಬವೊಂದನ್ನಿಟ್ಟು, ತುದಿಗಳಿಗೆ ಟೇಪು ಸುತ್ತಿ ಸಂಗ್ರಹಿಸಿ, ಸರಕು ತರುವ ವಿತರಕರ ಮೂಲಕ ಹಿಂದಿರುಗಿಸಲು ಸಾಧ್ಯವಿದೆ.